ದೇವೇಂದ್ರಪ್ಪನ ಪಂಪು

ಸುರೇಖಾ ಮೇಡಂ ಎರಡನೆಯ ವರ್ಷದ ವಿದ್ಯಾರ್ಥಿಗಳಿಗೆ ತರಗತಿಯ ಕೊನೆಯಲ್ಲಿ ಹೇಳಿದ್ದು ಇಷ್ಟೇ: ಸಂಶೋಧನೆ ಮಾಡುವ ಮನಸ್ಸಿದ್ದವರು ಬುಧವಾರ ಮಧ್ಯಾಹ್ನ ತಮ್ಮ ಕೋಣೆಗೆ ಬರಬಹುದು, ಬರುವಾಗ ಒಂದು ಪ್ರಶ್ನೆ ತರಬೇಕು. ಕೊಪ್ಪಳದ ಹೊರವಲಯದ ಆ ಮೆಡಿಕಲ್ ಕಾಲೇಜಿನಲ್ಲಿ ಅವರು ಸಮುದಾಯ ವೈದ್ಯಶಾಸ್ತ್ರ ಕಲಿಸುತ್ತಿದ್ದರು. ಮೊದಲ ಬುಧವಾರ ಹದಿನೆಂಟು ಮಂದಿ ಹೋದರು. ಅವರಲ್ಲಿ ಗಂಗಾವತಿಯ ಗುಲ್ಶನಳೂ ಇದ್ದಳು.

ಅವಳು ನಾಲ್ಕು ಪುಟ ಬರೆದುಕೊಂಡು ಹೋಗಿದ್ದಳು. ಕಂಪ್ಯೂಟರಿನಿಂದ ಕ್ಯಾನ್ಸರ್ ಪತ್ತೆ ಹಚ್ಚುವ ಬಗ್ಗೆ. ಮೊಬೈಲಿನಲ್ಲಿ ಅಲ್ಲಿ ಇಲ್ಲಿ ಓದಿ ಜೋಡಿಸಿದ್ದು. ಮೇಡಂ ಪೂರ್ತಿ ಓದಿದರು, ಹಾಳೆಗಳನ್ನು ಒಪ್ಪವಾಗಿ ಜೋಡಿಸಿ ತಿರುಗಿ ಕೊಟ್ಟರು.

"ಛಲೋ ವಿಷಯ. ಆದ್ರ ಇದ್ರಾಗ ನೀ ಎಲ್ಲಿ ಅದಿ?"

ಗುಲ್ಶನಳಿಗೆ ಅರ್ಥವಾಗಲಿಲ್ಲ.

"ನಿಮ್ಮ ಮನಿ ಎಲ್ಲಿ? ಅಪ್ಪ ಏನ್ ಮಾಡ್ತಾರ?"

"ಗಂಗಾವತಿ ಮೇಡಂ. ಎಣ್ಣಿ ಹೊಡಿಯೋ ಪಂಪ್ ರಿಪೇರಿ ಅಂಗಡಿ ಐತ್ರಿ."

"ಹಂಗಾರ ನಿನಗ ಗೊತ್ತಿದ್ದು, ನನಗ ಗೊತ್ತಿಲ್ಲದ್ದು ಭಾಳ ಐತಿ. ಮನಿಗೆ ಹೋದಾಗ ಅಂಗಡ್ಯಾಗ ಒಂದ್ ದಿನ ಸುಮ್ನ ಕೂತು ನೋಡು. ನಾ ನಿನ್ನ ವಯಸ್ಸಿನ್ಯಾಗ ಯಲಬುರ್ಗಾದ ಮಂಗಳೂರಾಗ ಹುಡುಗರ ಹಲ್ಲ ಎಣಿಸ್ಕೋತ ಸುರು ಮಾಡಿದೆ. ಎಷ್ಟು ಮಂದಿ ಹಲ್ಲು ಹಳದಿ ಆಗ್ಯಾವು, ಯಾವ ಬೋರಿನ ನೀರ ಕುಡಿತಾರ, ಅಷ್ಟ."

ಎರಡನೆಯ ಬುಧವಾರ ಏಳು ಮಂದಿ ಉಳಿದರು. ಮೂರನೆಯದಕ್ಕೆ ಮೂವರು.

ಗುಲ್ಶನ ಆ ನಡುವಿನ ಭಾನುವಾರ ಊರಿಗೆ ಹೋಗಿ ಅಂಗಡಿಯಲ್ಲಿ ಕೂತಿದ್ದಳು. ಅವಳ ತಂದೆ ದಾದೇಸಾಬ ಹಳೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಪಂಪು ದುರಸ್ತಿ ಮಾಡುತ್ತಿದ್ದವನು. ಕಾಲುವೆ ನೀರಿನ ಸೀಮೆ ಅದು. ವರ್ಷಕ್ಕೆ ಎರಡು ಬೆಳೆ ನೆಲ್ಲು, ಬೆಳೆಗೆ ಆರೇಳು ಸಲ ಕೀಟನಾಶಕ. ಅದನ್ನು ಅಲ್ಲಿಯ ಜನ ಎಣ್ಣೆ ಎನ್ನುತ್ತಾರೆ. ಕ್ಯಾಂಪಿನ, ಅಂದರೆ ಕಾಲುವೆ ಬಂದ ಮೇಲೆ ಹೊರಗಿನಿಂದ ಬಂದು ನೆಲೆಸಿದವರ ಊರುಗಳ, ರೈತರು ಎಣ್ಣೆ ಹೊಡೆಯಲು ಕೂಲಿಯವರನ್ನು ಕರೆಯುತ್ತಾರೆ. ಕೂಲಿಯವರು ತಮ್ಮದೇ ಪಂಪು ಬೆನ್ನಿಗೆ ಹೊತ್ತು ಹೋಗುತ್ತಾರೆ. ಆ ದಿನ ಅಂಗಡಿಗೆ ಹನ್ನೊಂದು ಪಂಪು ಬಂದವು. ತಂದವರಲ್ಲಿ ಆರು ಮಂದಿಯ ಅಂಗಿ ಬೆನ್ನ ಮೇಲೆ ಬಣ್ಣಗೆಟ್ಟು ತೆಳ್ಳಗಾಗಿತ್ತು. ಚಿಕ್ಕಂದಿನಿಂದ ನೋಡಿದ ಅಂಗಿಗಳೇ. ಅವು ಯಾಕೆ ಅಲ್ಲಿಯೇ ಹಾಗಾಗುತ್ತವೆ ಎಂದು ಅವಳು ಯಾವತ್ತೂ ಕೇಳಿಕೊಂಡಿರಲಿಲ್ಲ.

"ಅಬ್ಬಾ, ಈ ಪಂಪು ಸೋರೋದು ಎಲ್ಲಿಂದ?"

ಮನೆಯಲ್ಲಿ ದಖನಿ ಆಡಿದರೂ ಅಂಗಡಿಯಲ್ಲಿ ತಂದೆ ಮಗಳು ಕನ್ನಡದಲ್ಲೇ ಮಾತಾಡುತ್ತಿದ್ದರು. ದಾದೇಸಾಬ ಕೈಯಲ್ಲಿದ್ದ ಪಂಪಿನ ಟಾಕಿಯನ್ನು ಬೋರಲು ಹಾಕಿ ತೋರಿಸಿದ. "ಒಂದು ಮುಚ್ಚಳದ ವಾಷರ್. ಇನ್ನೊಂದು ಕೆಳಗ ಪೈಪ್ ಕೂಡೋ ಜಾಗ. ವಾಷರ್ ಹರದ್ರ ಸೀದಾ ಬೆನ್ನಿಗೆ ಇಳೀತೈತಿ."

"ಇವ್ರಿಗೆ ತಲಿನೋವು, ಕಣ್ಣು ಮಂಜು ಆಗೋದು ಅದಕ್ಕನಾ?"

"ಅದನ್ನ ನಾ ಹ್ಯಾಂಗ ಹೇಳ್ಲಿ ಬೇಟಾ? ನಾ ಪಂಪ್ ನೋಡಾಂವ. ಮನಷ್ಯಾನ ನೋಡಾಕ ನಿನ್ನ ಕಳಿಸೀನಿ."

ಮೂರನೆಯ ಬುಧವಾರ ಅವಳು ಒಂದೇ ಸಾಲು ಬರೆದುಕೊಂಡು ಹೋದಳು: ಸೋರುವ ಪಂಪು ಹೊರುವವರಿಗೆ ಸೋರದ ಪಂಪು ಹೊರುವವರಿಗಿಂತ ಹೆಚ್ಚು ತೊಂದರೆ ಆಗುತ್ತದೆಯೆ? ಮೇಡಂ ಅದನ್ನು ಎರಡು ಸಲ ಓದಿ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಆಮೇಲಿನ ಒಂದು ತಾಸು ಆ ಒಂದು ಸಾಲನ್ನು ಬಿಚ್ಚುವುದರಲ್ಲೇ ಹೋಯಿತು. ಸೋರುವುದು ಎಂದರೆ ಎಷ್ಟು? ತೊಂದರೆ ಎಂದರೆ ಯಾವುದು, ಎಷ್ಟು ದಿನದ್ದು? ಇದನ್ನು ಬೇರೆ ಯಾರಾದರೂ ನೋಡಿದ್ದಾರೆಯೆ? ಗುಲ್ಶನ ಅಂಗಡಿಗೆ ಬರುವವರನ್ನೇ ಮಾತಾಡಿಸುವುದಾಗಿ ಹೇಳಿದಳು. ಮೇಡಂ ತಲೆ ಅಲ್ಲಾಡಿಸಿದರು.

"ನಿಮ್ಮ ಅಂಗಡಿಗೆ ಬರೋವು ಕೆಟ್ಟ ಪಂಪ ಅಷ್ಟ. ಕೆಡದ ಪಂಪ ಎಲ್ಲಿರ್ತಾವ?"

"ಹೊಲದಾಗ."

"ಮತ್ತ ಹೊಲಕ್ಕ ನಡಿ."

ದಿಲ್ಲಿಯ ಸಂಸ್ಥೆಯೊಂದು ವೈದ್ಯಕೀಯ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಸಂಶೋಧನೆಗೆ ಅವಕಾಶ ಕೊಡುತ್ತಿತ್ತು. ಅದಕ್ಕೆ ಅರ್ಜಿ ಬರೆಯಲು ಗುಲ್ಶನಳಿಗೆ ಐದು ವಾರ ಹಿಡಿಯಿತು. ಲೈಬ್ರರಿಯಲ್ಲಿ ಹಳೆಯ ಲೇಖನಗಳನ್ನು ಹುಡುಕಿದಳು. ಮೊದಲ ಲೇಖನ ಓದಿ ಮುಗಿಸಲು ಮೂರು ದಿನ, ಹತ್ತನೆಯದಕ್ಕೆ ಒಂದು ತಾಸು. ಜೊತೆಗೆ ಕುಷ್ಟಗಿಯ ಶರಣಕುಮಾರ ಸೇರಿಕೊಂಡ. ಅವಳದೇ ತರಗತಿಯವನು, ಮೂರನೆಯ ಬುಧವಾರದವರೆಗೂ ಉಳಿದವರಲ್ಲಿ ಒಬ್ಬ. ಮೇಡಂ ಕೆಲಸ ಹಂಚಿದರು: ಪಂಪು ನೋಡುವುದು ಗುಲ್ಶನ, ಆರೋಗ್ಯ ಕೇಳುವುದು ಶರಣಕುಮಾರ. ಯಾರ ಪಂಪು ಸೋರುತ್ತದೆ ಎನ್ನುವುದು ಅವನಿಗೆ ಗೊತ್ತಿರಬಾರದು. ಗೊತ್ತಿದ್ದರೆ ಸೋರುವವನನ್ನು ಎರಡು ಸಲ ಕೇಳುತ್ತಾನೆ, ಸೋರದವನನ್ನು ಅರ್ಧಕ್ಕೇ ಬಿಡುತ್ತಾನೆ. ಮನುಷ್ಯರ ಸ್ವಭಾವ ಅದು, ಯಾರ ತಪ್ಪೂ ಅಲ್ಲ ಎಂದರು.

ಸೋರಿಕೆ ಅಳೆಯುವ ದಾರಿಯನ್ನು ಹುಡುಕಿಕೊಟ್ಟವನು ದಾದೇಸಾಬ. ಟಾಕಿಗೆ ಬರೀ ನೀರು ತುಂಬಿ ಅದಕ್ಕೆ ಬಟ್ಟೆಗೆ ಹಾಕುವ ನೀಲಿ ಕದಡುವುದು, ಟಾಕಿಯ ಬೆನ್ನಿಗೆ ಬಿಳಿ ಬಟ್ಟೆ ಕಟ್ಟುವುದು, ಐದು ನಿಮಿಷ ಪಂಪು ಹೊಡೆಯುವುದು. ಬಟ್ಟೆ ಬಿಚ್ಚಿದಾಗ ಎಷ್ಟು ನೀಲಿಯಾಗಿದೆಯೋ ಅಷ್ಟು ಸೋರಿಕೆ. ಚೌಕಳಿ ಹಾಳೆಯ ಮೇಲೆ ಇಟ್ಟು ಚೌಕ ಎಣಿಸಿದರೆ ಆಯಿತು.

ಅರ್ಜಿಯ ಜೊತೆ ಒಪ್ಪಿಗೆ ಪತ್ರವೂ ಬೇಕಿತ್ತು. ಗುಲ್ಶನ ಬರೆದ ಮೊದಲ ಪತ್ರವನ್ನು ದಾದೇಸಾಬ ಓದಿ, "ಇದು ಕೋರ್ಟಿನ ಕಾಗದ ಆತು, ಯಾರೂ ಸಹಿ ಹಾಕೂದಿಲ್ಲ" ಎಂದ. ಅವಳು ಮತ್ತೆ ಬರೆದಳು. ಕೊನೆಗೆ ಉಳಿದದ್ದು ಒಂದೇ ಪುಟ: ನಾವು ಯಾರು, ಯಾಕೆ ಬಂದಿದ್ದೇವೆ, ಏನು ಕೇಳುತ್ತೇವೆ, ನಿಮಗೆ ಬೇಡವೆನಿಸಿದರೆ ಯಾವಾಗ ಬೇಕಾದರೂ ಬಿಡಬಹುದು, ನಿಮ್ಮ ಪಂಪಿನಲ್ಲಿ ದೋಷ ಕಂಡರೆ ಅವತ್ತೇ ಹೇಳುತ್ತೇವೆ.

ಈ ಕೊನೆಯ ಮಾತಿನ ಬಗ್ಗೆ, ಸಂಶೋಧನೆಗೆ ಒಪ್ಪಿಗೆ ಕೊಡುವ ಕಾಲೇಜಿನ ನೀತಿ ಸಮಿತಿಯಲ್ಲಿ ಪ್ರಶ್ನೆ ಬಂತು. ಸಮಿತಿಯಲ್ಲಿ ಡಾಕ್ಟರುಗಳ ಜೊತೆ ಊರಿನವರ ಪರವಾಗಿ ವಿರುಪಣ್ಣ ಎಂಬ ನಿವೃತ್ತ ಶಾಲಾ ಮಾಸ್ತರರೂ ಇದ್ದರು. ಅವರು ಕನ್ನಡಕ ತೆಗೆದು ಕೇಳಿದರು: "ಸೋರತೈತಿ ಅಂತ ನಿಮಗ ಗೊತ್ತಾತು. ಆಮ್ಯಾಲೆ ಏನ್ ಮಾಡ್ತೀರಿ ತಂಗಿ?"

"ಅವತ್ತ ಹೇಳ್ತೀವಿ ಸರ್. ವಾಷರ್ ಹಾಕ್ಸಿಕೊಳ್ರಿ ಅಂತ ಹೇಳಿ ಬರ್ತೀವಿ."

"ಎಷ್ಟ ಅವಸರ ಇದ್ರೂ?"

"ಎಷ್ಟ ಅವಸರ ಇದ್ರೂ ಸರ್."

ಸಮಿತಿ ಒಪ್ಪಿತು. ತಿಂಗಳಾದ ಮೇಲೆ ದಿಲ್ಲಿಯಿಂದಲೂ ಒಪ್ಪಿಗೆ ಬಂತು.

ಕೆಲಸ ಶುರುವಾದದ್ದು ಆಗಸ್ಟ್‌ನಲ್ಲಿ, ನಾಟಿ ಮುಗಿದು ಎಣ್ಣೆ ಹೊಡೆಯುವ ಕಾಲ ಬಂದಾಗ. ಆನೆಗೊಂದಿ ದಾರಿಯಲ್ಲಿ ಮೂರು ಹಳ್ಳಿ ಆರಿಸಿಕೊಂಡಿದ್ದರು. ಒಂದೊಂದು ಹಳ್ಳಿಯಲ್ಲೂ ಎಣ್ಣೆ ಹೊಡೆಯುವ ಎಲ್ಲರ ಪಟ್ಟಿ ಮಾಡಿ ಮನೆಮನೆಗೆ ಹೋದರು. ಎಡಕ್ಕೆ ಬಂಡೆ ಗುಡ್ಡ, ಬಲಕ್ಕೆ ಬಾಳೆ ತೋಟ, ನಡುವೆ ಕೆಸರು ಬದುವಿನ ಮೇಲೆ ಗುಲ್ಶನ ಬಿಳಿ ಬಟ್ಟೆಗಳ ಚೀಲ ಹಿಡಿದು ನಡೆಯುತ್ತಿದ್ದಳು. ಮೊದಮೊದಲು ಜನ ನಕ್ಕರು. ದಾದೇಸಾಬರ ಮಗಳು ಪಂಪಿಗೆ ಲಂಗೋಟಿ ಕಟ್ಟುತ್ತಾಳೆ ಎಂದರು. ಅವಳೂ ನಕ್ಕಳು. ಪಂಪು ನೋಡಿ, ಬಟ್ಟೆ ಬಿಚ್ಚಿ ಚೀಲಕ್ಕೆ ಹಾಕಿದ ಮೇಲೆ ಶರಣಕುಮಾರ ಬಂದು ಹಿಂದಿನ ಏಳು ದಿನಗಳಲ್ಲಿ ಆದ ತಲೆನೋವು, ವಾಂತಿ, ಕಣ್ಣುಮಂಜು, ಉರಿ ಎಲ್ಲ ಕೇಳುತ್ತಿದ್ದ. ಅವನು ಹೋದ ಮೇಲೆ ಗುಲ್ಶನ ಸೋರುವವರಿಗೆ ಹೇಳುತ್ತಿದ್ದಳು. ಹೀಗೆ ಮೂರು ವಾರ ಸರಾಗವಾಗಿ ನಡೆಯಿತು.

ಮೂರನೆಯ ವಾರದ ಕೊನೆಗೆ ಲೆಕ್ಕ ನೋಡಿದಾಗ ಅವಳಿಗೆ ಚಿಂತೆಯಾಯಿತು. ನಲವತ್ತೊಂದು ಜನರನ್ನು ನೋಡಿ ಆಗಿತ್ತು. ಅವರಲ್ಲಿ ಸೋರುವ ಪಂಪು ಒಂಬತ್ತೇ. ಹೋಲಿಸಿ ಏನಾದರೂ ಹೇಳಬೇಕಾದರೆ ಇನ್ನೂ ಹತ್ತಾದರೂ ಬೇಕಿತ್ತು.

ಮರುದಿನ ಶರಣಕುಮಾರ ಅಣ್ಣನ ನಿಶ್ಚಯಕ್ಕೆಂದು ಕುಷ್ಟಗಿಗೆ ಹೋದ. ನಾಲ್ಕು ದಿನ ಬರುವುದಿಲ್ಲ ಎಂದಿದ್ದ. ಅವನಿಲ್ಲದಾಗ ಪಂಪು ನೋಡಬೇಡ ಎಂದು ಮೇಡಂ ಹೇಳಿರಲಿಲ್ಲವಾದರೂ ಪಂಪು ನೋಡುವುದು, ಆರೋಗ್ಯ ಕೇಳುವುದು ಎರಡೂ ಒಂದೇ ದಿನ ಆಗಬೇಕು ಎನ್ನುವುದು ಅರ್ಜಿಯಲ್ಲಿತ್ತು. ಗುಲ್ಶನ ಸುಮ್ಮನೆ ಕೂರಲಾರದೆ ಒಬ್ಬಳೇ ಹೋದಳು. ಅವತ್ತು ಸಿಕ್ಕವನು ದೇವೇಂದ್ರಪ್ಪ.

ನಲವತ್ತರ ಆಸುಪಾಸಿನ ಗಟ್ಟಿ ಆಳು. ಸುತ್ತಲಿನ ಕ್ಯಾಂಪುಗಳಲ್ಲಿ ಎಣ್ಣೆ ಹೊಡೆಯುವುದಕ್ಕೆ ಅವನನ್ನೇ ಮೊದಲು ಕರೆಯುತ್ತಿದ್ದರು. ಅವಳು ಕಾಗದ ಓದಿ ಹೇಳಿದಳು, ಅವನು ಸಹಿ ಹಾಕಿದ. ನೀಲಿ ನೀರು ತುಂಬಿ ಐದು ನಿಮಿಷ ಪಂಪು ಹೊಡೆದ. ಗುಲ್ಶನ ಬಟ್ಟೆ ಬಿಚ್ಚಿ ಎರಡೂ ಕೈಯಲ್ಲಿ ಹರವಿ ಹಿಡಿದಳು. ಅಷ್ಟು ನೀಲಿ ಅವಳು ಈವರೆಗೆ ನೋಡಿರಲಿಲ್ಲ. ಬಟ್ಟೆಯ ಮುಕ್ಕಾಲು ಪಾಲು ತೊಯ್ದಿತ್ತು.

ಹೇಳಬೇಕಾದ್ದು ಏನೆಂದು ಅವಳಿಗೆ ಗೊತ್ತಿತ್ತು. ಹೇಳಿದರೆ ದೇವೇಂದ್ರಪ್ಪ ಇವತ್ತೇ ಅಂಗಡಿಗೆ ಹೋಗಿ ವಾಷರ್ ಹಾಕಿಸುತ್ತಾನೆ. ನಾಲ್ಕು ದಿನದ ಮೇಲೆ ಶರಣಕುಮಾರ ಬಂದು ಏಳು ದಿನದ ತೊಂದರೆ ಕೇಳಿದರೆ ಅರ್ಧ ದಿನಗಳು ಸೋರದ ಪಂಪಿನವು ಆಗಿರುತ್ತವೆ. ಇಷ್ಟು ದೊಡ್ಡ ಸೋರಿಕೆಯ ಒಬ್ಬ ಮನುಷ್ಯ ಲೆಕ್ಕದಿಂದ ಹೋಗುತ್ತಾನೆ. ನಾಲ್ಕೇ ದಿನ, ಎಂದುಕೊಂಡಳು. ಇಷ್ಟು ವರ್ಷ ಇದೇ ಪಂಪು ಹೊತ್ತಿದ್ದಾನೆ.

"ಏನರ ದೋಷ ಐತೇನ ತಂಗಿ?"

"ಶರಣಕುಮಾರ ಬರ್ಲಿ ಕಾಕಾ. ಆಮ್ಯಾಲೆ ಎಲ್ಲಾ ಹೇಳ್ತೀನಿ."

ದೇವೇಂದ್ರಪ್ಪ ತಲೆಯಾಡಿಸಿ ಟಾಕಿಯ ನೀಲಿ ನೀರನ್ನು ಚೆಲ್ಲಿದ. ಗುಲ್ಶನ ಬಟ್ಟೆ ಮಡಿಚಿ ಚೀಲಕ್ಕೆ ಹಾಕಿಕೊಂಡಳು. ಬಸ್ಸಿನಲ್ಲಿ ಕೂತು ಚೌಕ ಎಣಿಸಿದಳು. ಇನ್ನೂರ ಹದಿನಾಲ್ಕು.

ಮೂರನೆಯ ದಿನ ಮಧ್ಯಾಹ್ನ ಅವಳು ಕಾಲೇಜಿನಲ್ಲಿದ್ದಾಗ ದಾದೇಸಾಬನ ಫೋನ್ ಬಂತು. ದೇವೇಂದ್ರಪ್ಪ ಮುಂಜಾನೆಯಿಂದ ಮೂರು ಎಕರೆಗೆ ಎಣ್ಣೆ ಹೊಡೆದಿದ್ದ. ಹೊಡೆದು ಮುಗಿಸಿ ಬದುವಿನ ಮೇಲೆ ಕೂತವನು ಏಳಲಿಲ್ಲ. ಬಾಯಲ್ಲಿ ನೀರು, ಮೈಯೆಲ್ಲ ಬೆವರು, ವಾಂತಿ. ಹೊಲದವರು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಗಂಗಾವತಿಯ ಆಸ್ಪತ್ರೆಗೆ ತಂದಿದ್ದಾರೆ. "ಅವನ ಪಂಪು ಟ್ರ್ಯಾಕ್ಟರನ್ಯಾಗ ಇತ್ತು, ನಾ ನೋಡಿದೆ" ಎಂದ ದಾದೇಸಾಬ. "ಮುಚ್ಚಳಕ್ಕ ವಾಷರ್ ಇರಲೇ ಇಲ್ಲ. ನೀ ಆ ಊರಾಗ ನೋಡಾಕ ಹೋಗಿದ್ದಿ ಅಲ್ಲ, ಅವನದು ನೋಡಿರಲಿಲ್ಲೇನು?"

ಗುಲ್ಶನ ಬರುತ್ತೇನೆ ಎಂದಷ್ಟೇ ಹೇಳಿದಳು. ಫೋನ್ ಇಟ್ಟು ಸೀದಾ ಬಸ್‌ಸ್ಟ್ಯಾಂಡಿಗೆ ನಡೆದಳು. ಶುಕ್ರವಾರ, ದೇವಿಯ ದರ್ಶನಕ್ಕೆ ಹುಲಿಗಿಗೆ ಹೋಗುವ ಜನ ಎಲ್ಲ ಬಸ್ಸುಗಳ ಬಾಗಿಲಲ್ಲೂ ಜೋತಾಡುತ್ತಿದ್ದರು. ಗಂಗಾವತಿ ಬಸ್ಸು ಸಿಕ್ಕಾಗ ಎರಡೂವರೆ. ದಾರಿಯುದ್ದಕ್ಕೂ ನಿಂತೇ ಹೋದಳು, ಸೀಟು ಖಾಲಿಯಾದಾಗಲೂ ಕೂರಲಿಲ್ಲ.

ಆಸ್ಪತ್ರೆಯವರು ಸರಿಯಾದ ಹೊತ್ತಿಗೆ ಚಿಕಿತ್ಸೆ ಶುರು ಮಾಡಿದ್ದರು. ಬಟ್ಟೆ ತೆಗೆಸಿ ಮೈ ತೊಳೆಸಿ, ವಿಷಕ್ಕೆ ಮದ್ದಾದ ಅಟ್ರೋಪಿನ್ ಕೊಟ್ಟಿದ್ದರು. ಜೀವಕ್ಕೆ ಭಯವಿಲ್ಲ ಎಂದು ಡ್ಯೂಟಿ ಡಾಕ್ಟರು ಹೇಳಿದರು. ವಾರ್ಡಿನ ಹೊರಗೆ ಅವನ ಹೆಂಡತಿ ಹುಲಿಗವ್ವ ಗೋಡೆಗೆ ಒರಗಿ ಕೂತಿದ್ದಳು. ಗುಲ್ಶನ ಅವಳ ಪಕ್ಕ ಕೂತಳು. ಹುಲಿಗವ್ವ ಅವಳನ್ನು ಡಾಕ್ಟರೆಂದುಕೊಂಡು, "ನೀ ಬಂದದ್ದು ಛಲೋ ಆತವ್ವ" ಎಂದಳು. ಆ ಮಾತು ಗುಲ್ಶನಳಿಗೆ ಬೈಗುಳಕ್ಕಿಂತ ಹೆಚ್ಚು ತಾಗಿತು.

ಮರುದಿನ ಬೆಳಿಗ್ಗೆ ಸುರೇಖಾ ಮೇಡಂ ಕೋಣೆಗೆ ಹೋಗಿ ನಿಂತುಕೊಂಡೇ ಎಲ್ಲ ಹೇಳಿದಳು. ಬಟ್ಟೆಯನ್ನೂ ಚೌಕಳಿ ಹಾಳೆಯನ್ನೂ ಮೇಜಿನ ಮೇಲೆ ಇಟ್ಟಳು. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ, ಬಿಡುತ್ತೇನೆ ಎಂದಳು. ಮೇಡಂ ಬಟ್ಟೆಯನ್ನು ಬಿಡಿಸಿ ಹಾಳೆಯ ಪಕ್ಕದಲ್ಲಿ ಇಟ್ಟರು.

"ಕೂಡು. ಬಿಡೋದು ಹಗುರ ಐತಿ. ಬಿಟ್ರ ಇದನ್ನ ಯಾರಿಗೂ ಹೇಳೋ ಕಾರಣ ಇರೂದಿಲ್ಲ."

ಗುಲ್ಶನ ಕೂತಳು.

"ಮೂರು ಕೆಲಸ ಅದಾವ. ಇವತ್ತ ಶರಣಕುಮಾರಗ ಫೋನ್ ಮಾಡಿ ಕೆಲಸ ನಿಂತೈತಿ ಅಂತ ಹೇಳು. ಕಮಿಟಿಗೆ ನೀನ ಬರಿ, ನಿನ್ನ ಮಾತಿನ್ಯಾಗ, ಏನೂ ಬಿಡಬ್ಯಾಡ. ಕೆಳಗ ನಾನೂ ಸಹಿ ಮಾಡ್ತೀನಿ, ನೋಡ್ಕೋಬೇಕಾಗಿದ್ದು ನನ್ನ ಕೆಲಸ ಇತ್ತು. ಆದ್ರ ಎಲ್ಲಕ್ಕಿಂತ ಮೊದಲ ದೇವೇಂದ್ರಪ್ಪಗ ಹೇಳು. ಅವಗ ಹೇಳದ ಕಮಿಟಿಗೆ ಹೇಳಬಾರದು."

"ಅವ್ರು ಏನಂತಾರ ಮೇಡಂ?"

"ನನಗ ಗೊತ್ತಿಲ್ಲ. ಏನಂದ್ರೂ ಕೇಳಿ ಬರಬೇಕು."

ದೇವೇಂದ್ರಪ್ಪ ಮೂರು ದಿನಕ್ಕೆ ಮನೆಗೆ ಬಂದ. ಗುಲ್ಶನ ಹೋದಾಗ ಕಟ್ಟೆಯ ಮೇಲೆ ಗೋಡೆಗೆ ದಿಂಬು ಇಟ್ಟುಕೊಂಡು ಕೂತಿದ್ದ. ದಾದೇಸಾಬ ತಾನೂ ಬರುತ್ತೇನೆಂದಿದ್ದ, ಅವಳು ಬೇಡ ಎಂದಿದ್ದಳು. ಹುಲಿಗವ್ವ ಒಳಗಿನಿಂದ ಕುರ್ಚಿ ತಂದಿಟ್ಟಳು. ಗುಲ್ಶನ ಕುರ್ಚಿಯಲ್ಲಿ ಕೂರದೆ ಕಟ್ಟೆಯ ಅಂಚಿನಲ್ಲಿ ಕೂತಳು.

"ಕಾಕಾ, ಅವತ್ತ ನಿಮ್ಮ ಪಂಪ್ ಸೋರೋದು ನಾ ನೋಡಿದ್ದೆ. ಅವತ್ತ ಹೇಳಬೇಕಾಗಿತ್ತು, ಕಾಗದದಾಗೂ ಹಂಗ ಐತಿ. ಹೇಳಿದ್ರ ನನ್ನ ಲೆಕ್ಕ ಕೆಡತೈತಿ ಅಂತ ಹೇಳಲಿಲ್ಲ. ತಪ್ಪು ನಂದು."

ಬಾಗಿಲಲ್ಲಿ ನಿಂತಿದ್ದ ಹುಲಿಗವ್ವ ಒಳಗೆ ಹೋದಳು. ಪಾತ್ರೆ ಕುಕ್ಕಿದ ಸದ್ದು ಕೇಳಿಸಿತು.

"ಬೆನ್ನ ಹಸಿ ಆಗೋದು ನನಗೂ ಗೊತ್ತಿತ್ತವ್ವ" ಎಂದ ದೇವೇಂದ್ರಪ್ಪ. "ಹೋದ ವರ್ಷದಿಂದ ಆಗತೈತಿ. ಆದ್ರ ನೀ ಅರಿವಿ ಕಟ್ಟಿ ನೋಡಿದಿ. ನೋಡಿ ಸುಮ್ನ ಹೋದಿ. ಡಾಕ್ಟರ್ ನೋಡಿ ಸುಮ್ನ ಹೋದ್ರು ಅಂದ ಮ್ಯಾಲೆ ಇದ್ರಾಗ ಏನೂ ಇಲ್ಲ ಅಂತ ತಿಳ್ಕೊಂಡೆ. ಇಲ್ಲಾಂದ್ರ ಅವತ್ತ ಸಂಜಿಕೆ ನಿಮ್ಮಪ್ಪನ ಕಡೆ ಹೋಗಾಂವ ಇದ್ದೆ."

ಗುಲ್ಶನ ತಲೆ ತಗ್ಗಿಸಿ ಕೇಳಿಸಿಕೊಂಡಳು. ತನ್ನ ಮೌನಕ್ಕೆ ಇಷ್ಟು ಅರ್ಥವಿತ್ತೆಂದು ಅವಳಿಗೆ ಗೊತ್ತಿರಲಿಲ್ಲ. ಹೇಳದೆ ಬಿಟ್ಟೆ ಎಂದಷ್ಟೇ ಅವಳು ಅಂದುಕೊಂಡಿದ್ದಳು. ಅವನ ಪಾಲಿಗೆ ಅವಳು ಹೇಳಿದ್ದಳು, ಏನೂ ಇಲ್ಲ ಎಂದು.

"ನೀವು ಬ್ಯಾಡ ಅಂದ್ರ ನಿಮ್ಮ ಕಾಗದ ಹರದು ಹಾಕ್ತೀವಿ ಕಾಕಾ. ನಿಮ್ಮದು ಯಾವುದೂ ಉಳಿಯೂದಿಲ್ಲ."

ದೇವೇಂದ್ರಪ್ಪ ಬೇಡವೆಂದು ಕೈ ಆಡಿಸಿದ. "ಹರದ್ರ ಏನ್ ಬಂತು? ಬರದದ್ದು ಇರ್ಲಿ. ಇದನ್ನೂ ಬರಿ."

ಹುಲಿಗವ್ವ ಹೊರಗೆ ಬರಲೇ ಇಲ್ಲ. ಚಹಾ ಬರಲಿಲ್ಲ. ಗುಲ್ಶನ ಎದ್ದು ಬಾಗಿಲ ಕಡೆ ತಿರುಗಿ, "ಬರ್ತೀನಿ ಚಿಗವ್ವ" ಎಂದಳು. ಉತ್ತರ ಬರಲಿಲ್ಲ.

ಅವಳು ಮನೆಗೆ ಬಂದು ನಡೆದದ್ದನ್ನು ಹೇಳಿದಾಗ ದಾದೇಸಾಬ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ವಾಷರುಗಳ ಡಬ್ಬಿ, ಪಕ್ಕಡ, ಸ್ಪ್ಯಾನರು ಚೀಲಕ್ಕೆ ಹಾಕಿಕೊಂಡು ಸ್ಕೂಟಿ ತೆಗೆದ. ಆ ವಾರವೆಲ್ಲ ಮಧ್ಯಾಹ್ನದ ಮೇಲೆ ಅಂಗಡಿ ಮುಚ್ಚಿ ಮೂರು ಹಳ್ಳಿ ಸುತ್ತಿದ. ಅವಳು ನೋಡಿದ್ದ ಪಂಪುಗಳಲ್ಲಿ ಸೋರುತ್ತಿದ್ದವನ್ನೆಲ್ಲ ಸರಿ ಮಾಡಿಕೊಟ್ಟು ಬಂದ. ಸೋರುವ ಪಂಪಿನವರಲ್ಲಿ ನಾಲ್ವರು ಅವಳು ಹೇಳಿದ ಮೇಲೂ ವಾಷರ್ ಹಾಕಿಸಿರಲಿಲ್ಲ. "ಗಂಗಾವತಿಗೆ ಬರಾಕ ಒಂದಿನದ ಕೂಲಿ ಹೋಗತೈತಂತ" ಎಂದು ಊಟಕ್ಕೆ ಕೂತಾಗ ಹೇಳಿದ. ಹೇಳಿ ಬರುವುದಷ್ಟೇ ಸಾಲದು ಎನ್ನುವುದು ಗುಲ್ಶನಳಿಗೆ ಹೊಳೆದದ್ದು ಆಗ.

ಸಮಿತಿ ಅವಳನ್ನು ಕರೆಸಿತು. ಅವಳು ಬರೆದ ಎರಡು ಪುಟಗಳನ್ನು ವಿರುಪಣ್ಣ ಮಾಸ್ತರರು ಎಲ್ಲರಿಗೂ ಕೇಳುವಂತೆ ಓದಿದರು. ಓದಿ ಮುಗಿಸಿದ ಮೇಲೆ ಅವರು ಕೇಳಿದ್ದು ಒಂದೇ: "ಇನ್ನ ಮುಂದ ಹ್ಯಾಂಗ ಮಾಡ್ಬೇಕಂತಿ?"

ಅವಳು ಯೋಚಿಸಿಕೊಂಡೇ ಬಂದಿದ್ದಳು. ಶರಣಕುಮಾರ ಮೊದಲು ಆರೋಗ್ಯ ಕೇಳುತ್ತಾನೆ, ಆಮೇಲೆ ಅವಳು ಪಂಪು ನೋಡುತ್ತಾಳೆ. ವಾಷರುಗಳು ಚೀಲದಲ್ಲೇ ಇರುತ್ತವೆ. ಸೋರಿದರೆ ಅಲ್ಲೇ ಹಾಕಿ ಕೊಡುತ್ತಾಳೆ. ಹಾಕುವುದನ್ನು ತಂದೆಯಿಂದ ಕಲಿತಿದ್ದಾಳೆ. ಇಬ್ಬರಲ್ಲಿ ಒಬ್ಬರಿಲ್ಲದಿದ್ದರೆ ಅವತ್ತು ಕೆಲಸ ಇಲ್ಲ.

ಮೂರು ವಾರ ನಿಂತಿದ್ದ ಕೆಲಸ ಮತ್ತೆ ಶುರುವಾಯಿತು. ಅಷ್ಟರಲ್ಲಿ ದಿಲ್ಲಿಯವರು ಕೊಟ್ಟ ಅವಧಿಯಲ್ಲಿ ಉಳಿದದ್ದು ಹದಿನಾರು ದಿನ. ಕೊನೆಗೆ ಸಿಕ್ಕವರು ಒಟ್ಟು ಅರವತ್ತೆರಡು ಜನ, ಸೋರುವ ಪಂಪು ಹತ್ತೊಂಬತ್ತು. ದೇವೇಂದ್ರಪ್ಪನ ಆರೋಗ್ಯ ಕೇಳುವುದು ತಪ್ಪಿಹೋಗಿದ್ದರಿಂದ ಅವನು ಹೋಲಿಕೆಯ ಲೆಕ್ಕದಲ್ಲಿ ಬರಲಿಲ್ಲ. ಅವನ ಸಂಗತಿಯನ್ನು ಬೇರೆಯಾಗಿಯೇ ಬರೆಯಬೇಕಾಯಿತು. ಗುಲ್ಶನ ಯಾರನ್ನು ಕಳೆದುಕೊಳ್ಳಬಾರದೆಂದು ಸುಮ್ಮನಿದ್ದಳೋ ಅವನೇ ಲೆಕ್ಕದಿಂದ ಹೊರಗುಳಿದ.

ಸೋರುವ ಪಂಪಿನವರಲ್ಲಿ ತಲೆನೋವು, ಬೆನ್ನಿನ ಉರಿ, ಕಣ್ಣುಮಂಜು ಹೆಚ್ಚಿದ್ದವು. ವಾಂತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಜನ ಕಡಿಮೆ, ಹೊಡೆದ ಎಣ್ಣೆ ಬೇರೆ ಬೇರೆ, ಬಿಸಿಲಿಗೂ ತಲೆನೋವು ಬರುತ್ತದೆ. ಶರಣಕುಮಾರ ವರದಿಯ ಕೊನೆಗೆ ದಪ್ಪ ಅಕ್ಷರದಲ್ಲಿ ಸೋರಿಕೆಯೇ ಕಾರಣ ಎಂದು ಬರೆದಿದ್ದ. ಮೇಡಂ ಅದನ್ನು ಹೊಡೆದುಹಾಕಿದರು.

"ಎಷ್ಟ ಗೊತ್ತಾಗೈತಿ ಅಷ್ಟ ಬರೀರಿ. ಸಂಬಂಧ ಇದ್ದಂಗ ಕಾಣ್ತೈತಿ ಅನ್ನೋದು ಸಣ್ಣ ಮಾತಲ್ಲ."

"ಮತ್ತ ದೇವೇಂದ್ರಪ್ಪ ಕಾಕಾಂದು ಬರದ್ರ ದಿಲ್ಲಿಯವ್ರು ವರದಿನ ತಳ್ಳಿಬಿಟ್ರ?" ಎಂದ ಶರಣಕುಮಾರ.

"ತಳ್ಳಿದ್ರ ತಳ್ಳಲಿ" ಎಂದಳು ಗುಲ್ಶನ. "ಬರಿ ಅಂತ ಕಾಕಾನ ಹೇಳ್ಯಾರ."

ವರದಿ ಒಮ್ಮೆ ತಿರುಗಿ ಬಂತು. ನಡೆದ ತಪ್ಪಿನ ಬಗ್ಗೆ ಸಮಿತಿ ತೆಗೆದುಕೊಂಡ ತೀರ್ಮಾನದ ಪ್ರತಿ ಲಗತ್ತಿಸಿ ಎಂದು ಕೇಳಿದ್ದರು. ಲಗತ್ತಿಸಿ ಕಳಿಸಿದರು. ಚಳಿಗಾಲ ಮುಗಿಯುವ ಹೊತ್ತಿಗೆ ಸ್ವೀಕರಿಸಲಾಗಿದೆ ಎಂಬ ಎರಡು ಸಾಲಿನ ಮಿಂಚಂಚೆ ಬಂತು. ಗುಲ್ಶನ ಅದನ್ನು ತಂದೆಗೆ ಓದಿ ಹೇಳಿದಳು. "ಇಷ್ಟನಾ?" ಎಂದ ದಾದೇಸಾಬ. "ಇಷ್ಟ ಅಬ್ಬಾ" ಎಂದಳು. ಇಬ್ಬರೂ ನಕ್ಕರು.

ಆದರೆ ಮೇಡಂ ಲೆಕ್ಕದಲ್ಲಿ ಕೆಲಸ ಇನ್ನೂ ಮುಗಿದಿರಲಿಲ್ಲ. ಉತ್ತರ ಕೊಟ್ಟವರಿಗೆ ಉತ್ತರ ಏನಾಯಿತೆಂದು ತಿಳಿಯಬೇಕು ಎಂದರು. ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ದೇವೇಂದ್ರಪ್ಪನ ಊರಿನ ಶಾಲೆಯ ವರಾಂಡದಲ್ಲಿ ಜನ ಸೇರಿದರು. ಗಂಡಸರು ಮುಂದೆ ಕೂತರು, ಹತ್ತು ಹದಿನೈದು ಹೆಂಗಸರು ಹಿಂದೆ, ಹುಣಸೆ ಮರದ ಕೆಳಗೆ ನಿಂತರು. ಗುಲ್ಶನ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ, ಚಿತ್ರ ಬರೆದು ಅವರ ಮಾತಿನಲ್ಲೇ ಹೇಳಿದಳು. ಏನು ಕಂಡಿತು, ಏನು ಕಾಣಲಿಲ್ಲ, ಏನು ಇನ್ನೂ ಗೊತ್ತಿಲ್ಲ. ತನ್ನ ತಪ್ಪನ್ನೂ ಹೇಳಿದಳು. ದೇವೇಂದ್ರಪ್ಪ ಮುಂದಿನ ಸಾಲಿನಿಂದ, "ಅದು ಆಗಿ ಹೋತು, ಮುಂದ ಹೇಳವ್ವ" ಎಂದ.

ಹೇಳಿ ಮುಗಿದ ಮೇಲೆ ಯಾರಾದರೂ ಏನಾದರೂ ಕೇಳುವುದಿದೆಯೆ ಎಂದಳು. ಒಬ್ಬ ಬ್ಯಾಟರಿ ಪಂಪಿನ ಬಗ್ಗೆ ಕೇಳಿದ. ಇನ್ನೊಬ್ಬ ಬಾಯಿಗೆ ಬಟ್ಟೆ ಕಟ್ಟಿಕೊಂಡರೆ ಉಪಯೋಗವೆ ಎಂದು ಕೇಳಿದ. ಜನ ಏಳುವ ಹೊತ್ತಿಗೆ ಮರದ ಕೆಳಗಿನಿಂದ ಹುಲಿಗವ್ವನ ದನಿ ಬಂತು. ಆಸ್ಪತ್ರೆಯ ಆ ಮಧ್ಯಾಹ್ನದ ಮೇಲೆ ಅವಳು ಗುಲ್ಶನಳೊಂದಿಗೆ ಮಾತಾಡಿದ್ದು ಅದೇ ಮೊದಲು.

"ಅರವತ್ತೆರಡು ಮಂದಿ ಅಂದಿ ಅಲ್ಲ. ಎಲ್ಲಾ ಗಂಡಸರ ಏನು?"

"ಹೌದು ಚಿಗವ್ವ. ಎಣ್ಣಿ ಹೊಡಿಯೋರು ಅವ್ರ ಅಲ್ಲ?"

"ಹೊಡಿಯೋರು ಅವ್ರು. ಆ ಅಂಗಿ ತೊಳಿಯೋರು ನಾವು. ಕಾಲುವಿ ಕಲ್ಲಿಗೆ ಹಾಕಿ ತಿಕ್ಕಬೇಕು, ಹೊಡದ ದಿನಾನ. ಮನ್ಯಾನ ಕೂಸಿನ ಅರಿವಿನೂ ಅದ ಬುಟ್ಟ್ಯಾಗ ಇರ್ತಾವ." ಹುಲಿಗವ್ವ ಎರಡೂ ಅಂಗೈ ಮುಂದೆ ಚಾಚಿದಳು. "ಇವನ್ನ ಯಾರ್ ನೋಡಿದ್ರಿ?"

ಗುಲ್ಶನ ಓದಿದ ಲೇಖನಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿ ನೋಡಿದಳು. ಅಂಗಿ ತೊಳೆಯುವವರ ಬಗ್ಗೆ ತಾನು ಒಂದು ಸಾಲನ್ನೂ ಓದಿದ ನೆನಪಾಗಲಿಲ್ಲ. ಸುರೇಖಾ ಮೇಡಂ ಕಡೆ ನೋಡಿದಳು. ಅವರು, ಅವಳೇ ಉತ್ತರ ಕೊಡಲಿ ಎಂದು ಕಾದರು.

"ಗೊತ್ತಿಲ್ಲ ಚಿಗವ್ವ. ನಾವು ಕೇಳೇ ಇಲ್ಲ."

ಅವಳು ವರಾಂಡ ಇಳಿದು ಮರದ ಕೆಳಗೆ ಹೋದಳು. ಹುಲಿಗವ್ವನ ಅಂಗೈಯನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಬೆರಳ ಸಂದಿಗಳಲ್ಲಿ ಚರ್ಮ ಸುಲಿದು ಒಣಗಿತ್ತು. ಇದು ಎಣ್ಣೆಯಿಂದಲೋ ಸೋಪಿನ ಪುಡಿಯಿಂದಲೋ ತನಗೆ ಹೇಳಲಾಗುವುದಿಲ್ಲ, ಆದರೆ ಈ ಕೈಯನ್ನು ಚರ್ಮದ ಡಾಕ್ಟರಿಗೆ ತೋರಿಸಬೇಕು, ನಾಳೆಯೇ ಕೊಪ್ಪಳಕ್ಕೆ ಬಂದರೆ ತಾನೇ ಕರೆದುಕೊಂಡು ಹೋಗುತ್ತೇನೆ ಎಂದಳು. ಅಲ್ಲಿಯ ತನಕ ಅಂಗಿಗಳನ್ನು ಬೇರೆಯಾಗಿ ತೊಳೆಯಿರಿ, ಕೂಸಿನ ಬಟ್ಟೆ ಅದರಲ್ಲಿ ಹಾಕಬೇಡಿ ಎಂದಳು. ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬಳು ತನ್ನ ಕೈಯನ್ನೂ ಚಾಚಿದಳು. ಅವಳ ಹಿಂದೆ ಮತ್ತೊಬ್ಬಳು ಸೆರಗಿನಿಂದ ಕೈ ಹೊರತೆಗೆದಳು.

"ಮತ್ತ ನಮ್ಮನ್ನ ಕೇಳಾಕ ಯಾವಾಗ ಬರ್ತಿ?" ಎಂದಳು ಹುಲಿಗವ್ವ.

"ಮೊದಲ ಬರೀಬೇಕು, ಕಮಿಟಿಯವ್ರನ್ನ ಕೇಳಬೇಕು. ಎರಡ ತಿಂಗಳಾದ್ರೂ ಹಿಡಿತೈತಿ ಚಿಗವ್ವ."

ಹುಲಿಗವ್ವ ಲೆಕ್ಕ ಹಾಕಿದಳು. "ಹಂಗಾರ ಮೇ ತಿಂಗಳು. ಮುಂಜಾನಿ ಒಂಬತ್ತರೊಳಗ ಬಾ. ಆಮ್ಯಾಲೆ ನಾವು ಯಾರೂ ಮನ್ಯಾಗ ಸಿಗೂದಿಲ್ಲ."